ಕೊಲೆ ಕಂಡ ನನ್ನ ಮಾವ

ಒಂದೇ ಕೊಲೆಯನ್ನು ಮೂವತ್ತೊಂದು ಬಗೆಯಲ್ಲಿ ಕಣ್ಣಾರೆ ಕಂಡವರು ಪ್ರಪಂಚದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ! ಲೆಕ್ಕದಲ್ಲಿ ತಪ್ಪಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ ಕುಳಿತ ಈ ಎರಡು ವರ್ಷಗಳಲ್ಲಿ ಅವರು ಆ ಕಥೆ ಹೇಳಿದಾಗಲೆಲ್ಲ ನನ್ನ ದಿನಚರಿಯಲ್ಲಿ ಗೆರೆ ಎಳೆದು ಬರೆದಿಟ್ಟಿದ್ದೇನೆ: ತಾರೀಕು, ಕೇಳಿದವರು, ಕೊಲೆಗಾರರ ಸಂಖ್ಯೆ, ಆಯುಧ, ಆಕಾಶದ ಸ್ಥಿತಿ.

ನಡೆದದ್ದು ಇಷ್ಟು. ನಾನು ಚಿಕ್ಕವನಿದ್ದಾಗ, ಯುದ್ಧದ ಕಾಲದಲ್ಲಿ, ಒಂದು ಮುಸ್ಸಂಜೆ ಶಿರಿಯ ಹೊಳೆಯಲ್ಲಿ ದೋಣಿ ದಾಟಿಸುವ ಕಡವಿನ ಬಳಿ ಕೊಬ್ಬರಿ ವ್ಯಾಪಾರಿಯೊಬ್ಬನನ್ನು ಯಾರೋ ಕಡಿದು ಕೊಂದರು. ತಾಳಮದ್ದಳೆಗೆ ಹೊರಟಿದ್ದ ಮಾವ ಒಬ್ಬರೇ ಸಾಕ್ಷಿ. ಅವರ ಮಾತಿನ ಮೇಲೆ ಪೊಲೀಸರು ದೋಣಿಯ ಅದ್ರಾಮ ಬ್ಯಾರಿಯನ್ನು ಹಿಡಿದರು. ಮಂಗಳೂರಿನ ಕೋರ್ಟಿನಲ್ಲಿ ಅದೇ ಮಾವನ ಮಾತು ಕೇಳಿ ಜಡ್ಜರು ಅವನನ್ನು ಬಿಟ್ಟರು. ಆದರೆ ಕೋರ್ಟು ಬಿಟ್ಟರೆ ಊರು ಬಿಡುತ್ತದೆಯೇ? ಈಗಲೂ ಕೆಲವರು ಅವನ ದೋಣಿ ಹತ್ತಲು ಹೆದರಿ, ಒಂದು ಮೈಲು ಸುತ್ತಿ ಮೇಲಿನ ಕಡವಿಗೆ ಹೋಗುತ್ತಾರೆ. ಅವನ ಮನೆಯಲ್ಲಿ ಏಳು ಜನ. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ.

ಕೋರ್ಟಿನಲ್ಲಿ ಮಾವ ಏನು ಹೇಳಿದರು? ಅದನ್ನು ನೋಡಿದವರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮಾವ ದೊಡ್ಡ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಮಾತು ಕಟ್ಟಬೇಕು. ನಿನ್ನೆಯ ಮಾತನ್ನು ಇವತ್ತು ಹೇಳಿದರೆ ಮರ್ಯಾದೆ ಹೋಯಿತು. ಅಂಥವರನ್ನು ಸಾಕ್ಷಿಕಟ್ಟೆಗೆ ಹತ್ತಿಸಿದರೆ! ಎಷ್ಟು ದೂರದಿಂದ ನೋಡಿದಿರಿ ಎಂದು ಸರಕಾರಿ ವಕೀಲರು ಕೇಳಿದರಂತೆ. "ದೂರ ಎಂದರೆ ಯಾವುದು ಸ್ವಾಮಿ? ಕಣ್ಣಿಗೆ ದೂರವೋ, ಮನಸ್ಸಿಗೆ ದೂರವೋ?" ಎಂದು ಶುರುಮಾಡಿದ ಮಾವ ಮುಕ್ಕಾಲು ಗಂಟೆ ನಿಲ್ಲಿಸಲಿಲ್ಲ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಲೇಖನಿ ಕೆಳಗಿಟ್ಟು, ಗಲ್ಲಕ್ಕೆ ಕೈಕೊಟ್ಟು ಕುಳಿತನಂತೆ.

ಇನ್ನು ನನ್ನ ಪಟ್ಟಿ. ಕೊಲೆಗಾರರು ಒಬ್ಬನಿಂದ ಐವರವರೆಗೆ. ಹುಣ್ಣಿಮೆ ಹನ್ನೊಂದು ಸಲ, ಅಮಾವಾಸ್ಯೆ ಒಂಬತ್ತು ಸಲ, ಜಡಿಮಳೆ ಏಳು ಸಲ, ಕೆಂಪು ಸೂರ್ಯ ನಾಲ್ಕು ಸಲ. ನಾನು ಹಳೆಯ ಪಂಚಾಂಗ ಹುಡುಕಿ, ಅಂದು ಷಷ್ಠಿ ಎಂದು ತೋರಿಸಿದೆ.

"ಪಂಚಾಂಗದವ ಅಲ್ಲಿ ಇದ್ದನಾ?" ಮಾವ ಕೇಳಿದರು. "ನಾನು ಇದ್ದೆ."

ಕೊಲೆಗಾರನ ಮುಖಕ್ಕಂತೂ ಎದುರಿಗೆ ಕುಳಿತವರಿಂದಲೇ ಸಾಮಾನು ಸರಬರಾಜು. ಅಕ್ಕನನ್ನು ನೋಡಲು ಮೀಂಜದಿಂದ ಬಂದಿದ್ದ ವರನ ತಂದೆಗೆ ಮೂಗಿನ ಪಕ್ಕ ದೊಡ್ಡ ಮಚ್ಚೆ. ಅಂದಿನ ಕೊಲೆಗಾರನಿಗೂ ಅದೇ ಜಾಗದಲ್ಲಿ ಬಂತು! ಆ ಹಿರಿಯರು ಮೂಗು ಮುಚ್ಚಿಕೊಂಡೇ ಅವಲಕ್ಕಿ ತಿಂದು ಹೋದರು, ಮತ್ತೆ ಸುದ್ದಿಯಿಲ್ಲ.

"ನಿನಗೆ ಕೊಲೆಗಾರ ಸಿಗದಿದ್ದರೂ ಅಡ್ಡಿಯಿಲ್ಲ ಅಣ್ಣ," ಎಂದಳು ಅಮ್ಮ, "ನನಗೆ ಒಬ್ಬ ಅಳಿಯ ಸಿಗಬೇಕು."

ಕಳೆದ ಆದಿತ್ಯವಾರ ಮಧ್ಯಾಹ್ನ ಮಾವನನ್ನು ಕೂರಿಸಿ ಇಡೀ ಪಟ್ಟಿ ಓದಿದೆ. ನಾಚಿಕೆಪಡಲಿ ಎಂಬುದು ನನ್ನ ಆಸೆ. ಅವರೋ ಸನ್ಮಾನಪತ್ರ ಕೇಳುವವರ ಹಾಗೆ ಕೇಳಿದರು. ಕೊನೆಗೆ, "ಅದರಲ್ಲಿ ಅದ್ರಾಮ ಎಷ್ಟು ಸಲ ಉಂಟು?" ಎಂದರು.

ಎರಡು ಸಲ ಹುಡುಕಿದೆ. ಒಂದು ಸಲವೂ ಇರಲಿಲ್ಲ.

"ಒಮ್ಮೆ ಹೇಳಿದ್ದೇನೆ ಅಳಿಯ. ಪೊಲೀಸರ ಕಾಗದದಲ್ಲಿ ಉಂಟು, ನನ್ನ ರುಜು ಸಮೇತ."

ಆಮೇಲೆ ಮಾವ ತಗ್ಗಿದ ದನಿಯಲ್ಲಿ ಹೇಳಿದ್ದು ಮೂವತ್ತೆರಡನೆಯ ಕಥೆ. ಅದರಲ್ಲಿ ಚಂದ್ರನಿಲ್ಲ, ಮಳೆಯಿಲ್ಲ. ಮಬ್ಬಿನಲ್ಲಿ ಓಡುತ್ತಿದ್ದ ಒಂದು ಬೆನ್ನು, ಅಷ್ಟೇ. ಯಾರದೆಂದು ಇನ್ಸ್‌ಪೆಕ್ಟರು ಕೇಳಿದರು.

"ಗೊತ್ತಿಲ್ಲ ಅಂತ ಹೇಳಿ ನನಗೆ ಅಭ್ಯಾಸ ಇಲ್ಲ ಮಾರಾಯ. ಎದುರಿನವ ಕೇಳಿದರೆ ಉತ್ತರ ಬಾಯಲ್ಲೇ ಇರಬೇಕು. ಕಡವಿನ ಹತ್ತಿರ ನಡೆದದ್ದಲ್ವಾ, ಕಡವಿನವನ ಹೆಸರು ಬಂತು."

ಕೋರ್ಟಿನ ಬಾಗಿಲಲ್ಲಿ ಅದ್ರಾಮನ ಹೆಂಡತಿ ಮಗುವನ್ನೆತ್ತಿಕೊಂಡು ನಿಂತಿದ್ದಳಂತೆ. ರುಜು ಹಾಕಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ದಾರಿ ಮಾವನಿಗೆ ತಿಳಿಯಲಿಲ್ಲ. ತನ್ನ ಯಾವ ಮಾತನ್ನೂ ಯಾರೂ ನಂಬದ ಹಾಗೆ ಮಾಡುವ ವಿದ್ಯೆ ತಿಳಿದಿತ್ತು. ಆವತ್ತಿನಿಂದ ಊರಿನ ಬಾಯಿಗೆ ಹೊಸ ಹೊಸ ಕೊಲೆಗಾರರನ್ನು ಹಾಕುತ್ತಲೇ ಇದ್ದಾರೆ, ಹಳೆಯ ಹೆಸರು ಅವರ ಅಡಿಯಲ್ಲಿ ಮುಚ್ಚಿಹೋಗಲಿ ಎಂದು.

ದಿನಚರಿಯಲ್ಲಿ ಮೂವತ್ತೆರಡರ ಮುಂದೆ ತಾರೀಕು ಮಾತ್ರ ಬರೆದೆ.

ಗುರುವಾರ ನಾವಿಬ್ಬರೂ ಹೊಳೆ ದಾಟಲು ಅದ್ರಾಮನ ದೋಣಿ ಹತ್ತಿ ಕುಳಿತಿದ್ದೆವು. ಹಿಂದಿನ ದಿನದ ತಾಳಮದ್ದಳೆಯಲ್ಲಿ ಕೂಗಿ ಮಾವನ ಗಂಟಲು ಪೂರ್ತಿ ಕಟ್ಟಿತ್ತು. ಆಚೆ ದಡದ ಶಾಲೆಗೆ ವರ್ಗವಾಗಿ ಬಂದ ಮಾಷ್ಟ್ರೊಬ್ಬರು ದೋಣಿಗೆ ಒಂದು ಕಾಲಿಟ್ಟು, ಇನ್ನೊಂದನ್ನು ದಡದಲ್ಲೇ ಇಟ್ಟು, ಮೆಲ್ಲಗೆ ಕೇಳಿದರು, "ಆ ಕೇಸಿನವ ಇವನೇ ಅಲ್ವಾ?"

ಮಾವ ಬಾಯಿ ತೆರೆದರು. ಬರೀ ಗಾಳಿ ಬಂತು. ಅದ್ರಾಮ ಬ್ಯಾರಿ ನೀರನ್ನೇ ನೋಡುತ್ತಿದ್ದ.

"ಅಲ್ಲ ಮಾಷ್ಟ್ರೇ," ಎಂದೆ ನಾನು. ಒಂದು ತಾರೀಕನ್ನೂ ತಪ್ಪು ಬರೆಯದ ನಾನು! "ಐದು ಜನ ಇದ್ದರು. ಎಲ್ಲ ಪರವೂರಿನವರು. ಒಬ್ಬ ಕುಂಟ. ನಮ್ಮ ಮಾವ ಕಣ್ಣಾರೆ ನೋಡಿದ್ದಾರೆ."

ಮಾಷ್ಟ್ರು ಮಾವನ ಕಡೆ ತಿರುಗಿದರು. ಮಾವ ಬಹಳ ಗಂಭೀರವಾಗಿ ಆರು ಬೆರಳು ತೋರಿಸಿದರು.

ಮಾಷ್ಟ್ರ ಇನ್ನೊಂದು ಕಾಲೂ ದೋಣಿಗೆ ಬಂತು. ಅದ್ರಾಮ ಬ್ಯಾರಿ ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ, ದೋಣಿಯ ತಳದ ನೀರಿನಲ್ಲಿ ನೆನೆಯುತ್ತಿದ್ದ ಮಾವನ ಚಪ್ಪಲಿಗಳನ್ನು ಎತ್ತಿ ಒಣ ಹಲಗೆಯ ಮೇಲಿಟ್ಟು, ದೋಣಿ ನೂಕಿದ.