ಊರೆಲ್ಲ ಓದಿದ ಷರಾ

ಗುಮಾಸ್ತರಿಗೆ ಆ ವಿಚಾರ ಹೊಳೆದದ್ದು ಮುಖಕ್ಷೌರ ಮಾಡಿಕೊಳ್ಳುವಾಗ. ಅವರ ಜೀವನದ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೊಳೆದದ್ದು ಆ ಹೊತ್ತಿನಲ್ಲೇ. ಅರ್ಧ ಕೆನ್ನೆಗೆ ನೊರೆ ಮೆತ್ತಿಕೊಂಡೇ ಮುಂದಿನ ಕೋಣೆಗೆ ಓಡಿದರು. ಆ ಕೋಣೆಯೇ ಅವರ ಹೆಂಡತಿಯ ಹೊಲಿಗೆ ಅಂಗಡಿ. ಊರಿಗೆಲ್ಲ ಟೈಲರಮ್ಮ ಎನಿಸಿಕೊಂಡ ಆಕೆ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, "ಇಲ್ಲಮ್ಮ, ಇನ್ನೂ ಗುಂಡಿ ಹಾಕಿಲ್ಲ, ನಾಳೆ ಬನ್ನಿ" ಎಂದು ಅಂದಿನ ಒಂಬತ್ತನೆಯ ಗಿರಾಕಿಗೆ ಹೇಳುತ್ತಿದ್ದರು.

"ಲೇ, ಇನ್ಮೇಲೆ ನಿನಗೆ ಒಂದು ಫೋನೂ ಬರಲ್ಲ!"

"ಯಾಕ್ರೀ, ಮತ್ತೆ ನನ್ನ ಫೋನು ರಿಪೇರಿ ಮಾಡಿದ್ರಾ?"

"ಅಲ್ವೇ, ವೆಬ್‌ಸೈಟು! ಗಿರಾಕಿಗಳು ತಮ್ಮ ನಂಬರ್ ಹಾಕಿ ಒತ್ತಿದ್ರೆ ಸಾಕು, ಬಟ್ಟೆ ರೆಡಿ ಇದ್ಯೋ ಇಲ್ವೋ ಅಂತ ಅದೇ ಹೇಳುತ್ತೆ."

"ಯಾರು ಮಾಡ್ಕೊಡ್ತಾರೆ?"

ಗುಮಾಸ್ತರು ನೊರೆಯ ಕೆನ್ನೆಯನ್ನು ಆಕೆಯತ್ತ ತಿರುಗಿಸಿ ಎದೆಯುಬ್ಬಿಸಿ ನಿಂತರು.

"ಓ" ಎಂದರು ಟೈಲರಮ್ಮ. ಆ ಒಂದಕ್ಷರದಲ್ಲಿ ಇಪ್ಪತ್ತೆರಡು ವರ್ಷಗಳ ದಾಂಪತ್ಯವಿತ್ತು.

ಗುಮಾಸ್ತರು ನೀರು ಸರಬರಾಜು ಕಚೇರಿಯಲ್ಲಿ ಒಮ್ಮೆ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದಿದ್ದರು. ಅಂದಿನಿಂದ ಅವರು ಆ ಕಚೇರಿಯ ಕಂಪ್ಯೂಟರ್ ಪಂಡಿತರು. ಎರಡು ವರ್ಷದ ಹಿಂದೆ ಹೆಂಡತಿಯ ಅಳತೆ ಪುಸ್ತಕಕ್ಕೆ ಬದಲು ಮನೆಯ ಕಂಪ್ಯೂಟರಿನಲ್ಲಿ ಖಾಲಿ ಪಟ್ಟಿ ಹಾಕಿಕೊಟ್ಟದ್ದೂ ಅವರೇ, ತುಂಬಿಸಿದ್ದು ಮಾತ್ರ ಟೈಲರಮ್ಮ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸಾಲು. ಹೆಸರು, ಫೋನು, ಕೊಡುವ ದಿನ, ರೆಡಿ ಇದೆಯೋ ಇಲ್ಲವೋ, ಅಳತೆ, ಕೊನೆಗೆ ಷರಾ. (ಷರಾ ಇಲ್ಲದ ಪಟ್ಟಿ ಪಟ್ಟಿಯೇ ಅಲ್ಲವೆಂಬುದು ಅವರ ಕಚೇರಿಯ ನಂಬಿಕೆ.) ಟೈಲರಮ್ಮನ ವ್ಯಾಪಾರ ನಿಂತಿದ್ದದ್ದು ಒಂದೇ ಗುಟ್ಟಿನ ಮೇಲೆ. ಆಕೆ ಅಳತೆಯನ್ನು ಬಾಯಿಬಿಟ್ಟು ಹೇಳಿದವರಲ್ಲ. "ಸೊಂಟ ಮೂವತ್ತೆರಡೇ ಅಲ್ವಾ?" ಎಂದು ಗಿರಾಕಿ ಕೇಳಿದರೆ "ಹೂಂ" ಎಂದು ಮೂವತ್ತೆಂಟು ಬರೆದುಕೊಳ್ಳುತ್ತಿದ್ದರು. ಯಾರಿಗೆ ಏನು ಹೇಳಬಾರದು ಎಂಬುದನ್ನು ಷರಾದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಇಲ್ಲಿ ಬಟ್ಟೆ ಹೊಲಿಸಿದವರು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಮೂರು ರಜಾದಿನ ಕೂತು ಗುಮಾಸ್ತರು ವೆಬ್‌ಸೈಟು ಕಟ್ಟಿದರು. ಮನೆಯ ಕಂಪ್ಯೂಟರಿನಲ್ಲಿ ಅದು ಹೂವೆತ್ತಿದಂತೆ ನಡೆಯಿತು. ಹೆಂಡತಿಯ ಫೋನಿನಲ್ಲಿ ಮಾತ್ರ "ಫೈಲು ಸಿಗಲಿಲ್ಲ" ಎಂದಿತು. ವೆಬ್‌ಸೈಟಿಗೆ ಜಾಗ ಬಾಡಿಗೆ ಕೊಟ್ಟ ಸಂಸ್ಥೆಯ ಸಹಾಯವಾಣಿಗೆ ಫೋನಾಯಿಸಿ ಗದರಿದರು.

"ಸಾರ್, ಫೈಲು ಎಲ್ಲಿದೆ ಅಂತ ಬರೆದಿದ್ದೀರಿ?" ಎಂದಳು ಆ ಕಡೆಯ ಹೆಂಗಸು.

"ಇಲ್ಲೇ, ನಮ್ಮ ಕಂಪ್ಯೂಟರಲ್ಲೇ ಇದೆ."

"ನಿಮ್ಮ ವೆಬ್‌ಸೈಟ್ ಇರೋದು ನಮ್ಮ ಕಂಪ್ಯೂಟರಲ್ಲಿ ಸಾರ್. ಅದಕ್ಕೆ ನಿಮ್ಮ ಮನೆಯೊಳಗೆ ಇಣುಕಿ ನೋಡೋಕೆ ಬರಲ್ಲ. ಆ ಫೈಲನ್ನೇ ಇಲ್ಲಿಗೆ ಕಳಿಸಿ. ಗಿರಾಕಿಗಳಿಗೆ ಬೇಕಾದ ಕಾಲಂ ಮಾತ್ರ ತೋರ್ಸಿ, ಮರೀಬೇಡಿ."

"ಗೊತ್ತು ಗೊತ್ತು" ಎಂದರು ಗುಮಾಸ್ತರು. ಗೊತ್ತಿಲ್ಲದಾಗ ಅವರು ಎರಡು ಸಲ ಹೇಳುತ್ತಾರೆ.

ಫೈಲು ಹೋಯಿತು. ಕಾಲಮ್ಮುಗಳನ್ನು ಒಂದೊಂದಾಗಿ ಹೆಸರಿಸಲು ಸೋಮಾರಿತನವಾಗಿ "ಎಲ್ಲವನ್ನೂ ತೋರಿಸು" ಎಂದು ಬರೆದುಬಿಟ್ಟರು. ಪರೀಕ್ಷಿಸುವಾಗ ಮೊದಲ ನಾಲ್ಕು ಕಾಲಂ ಪರದೆಯ ಮೇಲೆ ಬಂದವು, ಉಳಿದವು ಬಲಗಡೆ ಆಚೆಗೆ ಸರಿದುಕೊಂಡಿದ್ದವು. ಸರಿಸಿ ನೋಡುವ ತಾಳ್ಮೆ ಪಂಡಿತರಿಗಿರಲಿಲ್ಲ. ಮರುದಿನ ಬೆಳಿಗ್ಗೆ ನೂರ ಅರವತ್ತು ಗಿರಾಕಿಗಳಿಗೂ "ತಮ್ಮ ಉಡುಪಿನ ಸಮಗ್ರ ವೃತ್ತಾಂತ ಇನ್ನು ತಮ್ಮ ಅಂಗೈಯಲ್ಲಿ" ಎಂಬ ಒಕ್ಕಣೆಯ ಸಂದೇಶ ಹೋಯಿತು.

ಒಂದು ಗಂಟೆ ಕಳೆಯಿತು. ಫೋನು ಉಸಿರೆತ್ತಲಿಲ್ಲ.

"ನೋಡಿದ್ಯಾ?" ಗುಮಾಸ್ತರು ಕಾಲ ಮೇಲೆ ಕಾಲು ಹಾಕಿಕೊಂಡರು. "ಒಂದಾದ್ರೂ ಬಂತಾ?"

ಆಗ ಬಂತು. ಅವರ ಅಕ್ಕನದು. ಅಕ್ಕನಿಗೆ ಫೋನು ಬೇಕಾಗಿರಲಿಲ್ಲ, ಕಿಟಕಿ ತೆರೆದಿದ್ದರೆ ಸಾಕಿತ್ತು.

"ಲೋ! 'ತರುವ ಬಟ್ಟೆ ಯಾವಾಗಲೂ ಅರ್ಧ ಮೀಟರ್ ಕಡಿಮೆ, ಉಳಿದದ್ದು ನಾವೇ ಹಾಕುವುದು, ಇವರಿಗೆ ಹೇಳಿದರೆ ಜಗಳ' ಅಂತ ಬರೆದಿದೆಯಲ್ಲೋ! ನಾನು ಜಗಳಗಂಟಿಯೇನೋ? ಹೇಳೋ! ಇರಲಿ, ನಂಬರ್ ಹಾಕದೇ ಒತ್ತಿದ್ರೆ ಇಡೀ ಊರೇ ಬರುತ್ತಲ್ಲೋ! ಔಷಧಿ ಅಂಗಡಿಯವಳ ಸೊಂಟ ನಲವತ್ನಾಲ್ಕಂತೆ, ನಿಜವೇನೋ?"

ಟೈಲರಮ್ಮನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಗುಮಾಸ್ತರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನೇರ ಕಂಪ್ಯೂಟರಿನ ಮುಂದೆ ಕೂತು, ಷರಾ ಕಾಲಮ್ಮನ್ನೇ ಬುಡಸಮೇತ ಅಳಿಸಿಹಾಕಿದರು.

"ಹೋಯ್ತು ತಾನೇ?"

"ಇಲ್ಲಿದ್ದದ್ದು ಹೋಯ್ತು" ಎಂದರು ಗುಮಾಸ್ತರು, ನೆಲ ನೋಡುತ್ತ. "ಅಲ್ಲಿಗೆ ಕಳಿಸಿದ್ದು ಬೇರೆ ಪ್ರತಿ ಕಣೇ. ಅದು ಹಾಗೇ ಇದೆ. ಅಳಿಸ್ತೀನಿ ಇರು. ಆದ್ರೆ ನಿನ್ನ ಷರಾ ಎಲ್ಲಾ..."

"ಅದು ನನಗೆ ಬಾಯಿಪಾಠ ಇದೆ. ಮೊದಲು ತೆಗೀರಿ."

ತೆಗೆಯಲು ಹೋದರೆ "ಫೈಲು ಬಳಕೆಯಲ್ಲಿದೆ, ಅಳಿಸಲಾಗದು" ಎಂದು ಬಂತು. ಮತ್ತೆ ಸಹಾಯವಾಣಿ.

"ಯಾರೋ ಓದ್ತಿದ್ದಾರೆ ಸಾರ್. ಅವರು ಬಿಡೋ ತನಕ ಆ ಫೈಲಿಗೆ ಬೀಗ."

"ಎಷ್ಟು ಜನ?"

"ನೂರ ಹನ್ನೆರಡು."

"ನೀವೇ ಒಂದು ಸಲ ಆ ಕಂಪ್ಯೂಟರ್ ಆಫ್ ಮಾಡಿ ತಾಯಿ, ನಿಮ್ಮ ದಮ್ಮಯ್ಯ!"

"ಅದ್ರಲ್ಲಿ ಇನ್ನೂ ಮುನ್ನೂರು ಜನರ ವೆಬ್‌ಸೈಟ್ ಇದೆ ಸಾರ್. ನಿಮ್ಮೊಬ್ಬರಿಗೋಸ್ಕರ ಎಲ್ಲರನ್ನೂ ಬೀದಿಗೆ ಹಾಕೋಕಾಗುತ್ತಾ?"

ಅಷ್ಟರಲ್ಲಿ ಹೊರಗೆ ಚಪ್ಪಲಿಗಳ ಸದ್ದಾಯಿತು. ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಮೂಲೆಯ ಪರದೆಯ ಹಿಂದೆ ಗುಮಾಸ್ತರು ಮಾಯವಾದರು. ಅಲ್ಲಿ ಗೋಡೆಯುದ್ದದ ಕನ್ನಡಿಯಿತ್ತು. ತಮ್ಮ ಮುಖವನ್ನೇ ನೋಡಲಾರದೆ ಅವರು ಅದಕ್ಕೆ ಬೆನ್ನು ಹಾಕಿ, ಇನ್ನೂ ಯಾರಾದರೂ ಓದುತ್ತಿದ್ದಾರೋ ಎಂದು ಫೋನಿನಲ್ಲಿ ಪುಟ ತೆರೆದು ನೋಡುತ್ತಲೇ ಇದ್ದರು.

ಬಂದವರಲ್ಲಿ ಮುಂದಿದ್ದವರು ಹೆಣ್ಣುಮಕ್ಕಳ ಶಾಲೆಯ ದೊಡ್ಡ ಮೇಡಂ, ಅವರ ಪಕ್ಕದಲ್ಲಿ ಔಷಧಿ ಅಂಗಡಿಯಮ್ಮ, ಹಿಂದೆ ಅಂಗಡಿ ತುಂಬುವಷ್ಟು ಹೆಂಗಸರು.

"ಇದೇನಮ್ಮ ಇದು?" ಎಂದರು ದೊಡ್ಡ ಮೇಡಂ.

"ತಪ್ಪು ನನ್ನದೇ ಮೇಡಂ" ಎಂದರು ಟೈಲರಮ್ಮ. "ಏನೋ ಮಾಡೋಕೆ ಹೋಗಿ ಕೈತಪ್ಪಿ ಏನೋ ಆಯ್ತು. ಇನ್ನು ಯಾವ ಮುಖ ಇಟ್ಕೊಂಡು ನಿಮಗೆ ಅಳತೆ ತಗೊಳ್ಳಲಿ? ಅಂಗಡಿ ಮುಚ್ಚಿಬಿಡ್ತೀನಿ."

ಪರದೆಯ ಹಿಂದೆ ಗುಮಾಸ್ತರಿಗೆ ನಾಚಿಕೆಯಾಯಿತು. ಮಾಡಿದ್ದು ತಾನು, ತಲೆತಗ್ಗಿಸಿ ನಿಂತದ್ದು ಅವಳು. ಆದರೂ ಕಾಲು ಮುಂದೆ ಬರಲಿಲ್ಲ.

"ನನ್ನದನ್ನ ಓದ್ತೀನಿ ಕೇಳಿ" ಎಂದರು ಔಷಧಿ ಅಂಗಡಿಯಮ್ಮ. "'ಎಡಭುಜ ಇಳಿದಿದೆ. ಒಳಗೆ ಹತ್ತಿ ಇಟ್ಟು ಹೊಲಿಯುವುದು. ಅವರಿಗೆ ಗೊತ್ತಾಗಬಾರದು.' ಹದಿನೈದು ವರ್ಷದಿಂದ ನನ್ನ ಭುಜ ನೆಟ್ಟಗಿದೆ ಅಂತಲೇ ತಿಳ್ಕೊಂಡಿದ್ದೆನಲ್ಲಮ್ಮ. ಇಷ್ಟು ಕಾಪಾಡಿದವಳನ್ನ ಯಾವ ಬಾಯಲ್ಲಿ ಬಯ್ಯಲಿ? ಇದನ್ನ ಊರಿಗೆ ಸಾರಿದ ಮಹಾನುಭಾವರು ಯಾರು, ಅವರನ್ನ ತೋರ್ಸಿ."

"ನಾನೇ ಅಂದ್ನಲ್ಲ" ಎಂದರು ಟೈಲರಮ್ಮ.

ಗುಮಾಸ್ತರು ಇನ್ನು ತಡೆಯಲಾರದೆ ಪರದೆ ಸರಿಸಿದರು. "ಅವಳಲ್ಲ. ನಾನು ಮಾಡಿದ್ದು" ಎಂದರು. ಇಡೀ ಅಂಗಡಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಎಲ್ಲರೂ ಓದೋದು ನಿಲ್ಲಿಸಿದ್ರೆ ಈಗಲೇ ತೆಗೀತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಫೋನ್ ಮುಚ್ಚಿ."

ದೊಡ್ಡ ಮೇಡಂ ಚಪ್ಪಾಳೆ ತಟ್ಟಿದರು. "ಎಲ್ರೂ ಫೋನ್ ಮುಚ್ಚಿ! ಮನೇಲಿರೋರಿಗೂ ಹೇಳಿ!" ಶಾಲೆಯಲ್ಲಿ ಅವರ ಕೈಕೆಳಗೆ ಕಲಿತವರೇ ಹೆಚ್ಚಾಗಿದ್ದರಿಂದ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಅಕ್ಕನೂ ಬಹಳ ಬೇಸರದಿಂದ ಮುಚ್ಚಿದಳು.

ಗುಮಾಸ್ತರು ಕಂಪ್ಯೂಟರಿನ ಮುಂದೆ ಕೂತು ಅಳಿಸುವ ಗುಂಡಿ ಒತ್ತಿದರು. ಬಳಕೆಯಲ್ಲಿದೆ, ಎಂದಿತು. ಮತ್ತೆ ಒತ್ತಿದರು. ಬಳಕೆಯಲ್ಲಿದೆ.

"ಇನ್ನೂ ಯಾರೋ ಒಬ್ಬರು ಓದ್ತಾನೇ ಇದ್ದಾರೆ!" ಅವರಿಗೆ ರೇಗಿಹೋಯಿತು. "ಮಾನ ಮರ್ಯಾದೆ ಬೇಡವೇ? ಯಾರ್ರೀ ಅದು?"

"ನಿಮ್ಮ ಎಡಗೈಯಲ್ಲಿರೋದು ಏನು?" ಎಂದರು ದೊಡ್ಡ ಮೇಡಂ.

ಎಡಗೈಯಲ್ಲಿ ಅವರ ಫೋನು ಬೆಳಗುತ್ತಿತ್ತು. ಆಗ ಪರದೆಯ ಹಿಂದೆ ನಿಂತು ತೆರೆದಿದ್ದ ಪುಟ ತೆರೆದಂತೆಯೇ ಇತ್ತು. ಮೇಡಂ ಅದನ್ನು ತೆಗೆದುಕೊಂಡು, ಕನ್ನಡಕ ಸರಿಪಡಿಸಿಕೊಂಡು, ತರಗತಿಗೆ ಪಾಠ ಓದುವಂತೆ ಓದಿದರು:

"ಕ್ರಮಸಂಖ್ಯೆ ಒಂದು. ನಮ್ಮ ಮನೆಯವರು. ಸೊಂಟ ನಲವತ್ತೆರಡು. ಷರಾ: ಮೂವತ್ತಾರೆಂದೇ ನಂಬಿದ್ದಾರೆ. ಕಚೇರಿಗೆ ಹೋದಾಗ ಪ್ಯಾಂಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಹೊಲಿದಿಡುವುದು. ಮನಸ್ಸು ಮೆದು, ನೊಂದುಕೊಳ್ಳುತ್ತಾರೆ. ಯಾರ ಮುಂದೆಯೂ ಹೇಳಬಾರದು."

ಔಷಧಿ ಅಂಗಡಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಉಳಿದವರಿಗೆ ಅಷ್ಟು ಸಂಯಮವಿರಲಿಲ್ಲ. ಆ ನಗುವಿನ ನಡುವೆ ಟೈಲರಮ್ಮ ಮಾತ್ರ ನಗದೆ, "ಮುಚ್ಚಿಬಿಡಿ ಮೇಡಂ, ಪಾಪ" ಎಂದರು.

ಪುಟ ಮುಚ್ಚಿತು, ಫೈಲು ಅಳಿಯಿತು. ಗುಮಾಸ್ತರು ಹೆಂಡತಿಯ ಮುಖ ನೋಡಲಾರದೆ ಎದ್ದು, ಅಭ್ಯಾಸದಂತೆ ಪ್ಯಾಂಟನ್ನು ಮೇಲಕ್ಕೆಳೆದುಕೊಂಡರು. ಅದು ಎಲ್ಲೂ ಬಿಗಿಯದೆ ಹಿತವಾಗಿ ಕೂತಿತ್ತು. ಊರಿನ ನಗುವನ್ನು ತಡೆದುಕೊಂಡವರಿಗೆ ತಡೆಯಲಾಗದೆ ಹೋದದ್ದು ಅದೇ.