ಮೊಮ್ಮಗಳ ಕಂಪನಿ

ಮಕ್ಕಳೇ, ನಾನು ಒಂದು ಮಾತು ಬಾಯಿಬಿಟ್ಟು ಹೇಳುವ ಹೊತ್ತಿನಲ್ಲಿ ಬೇರೆಯವರು ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿರುತ್ತಾರೆ. ಹಳ್ಳಿಯ ಸಾಲೆಯಲ್ಲಿ ಮಾಸ್ತರರು ನನ್ನ ಹೆಸರು ಕೂಗಿದಾಗ ನಾನು 'ಹಾಜರ್' ಅನ್ನುವಷ್ಟರಲ್ಲಿ ಅವರು ಕೆಳಗಿನ ಹೆಸರುಗಳಿಗೆ ಹೋಗಿಬಿಟ್ಟಿರುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ಸಾಲೆಗೆ ಹೋದದ್ದೇ ಕಡಿಮೆ. ಇಂಥವಳ ಪಾಲಿಗೆ ನಿಮ್ಮ ಸುಮಕ್ಕನ ಓದನ್ನು ಸುರಪುರದ ನಮ್ಮ ಓಣಿಗೆ ತಿಳಿಸುವ ಕೆಲಸ ಬಂತು.

ಸುಮಾ ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಾಳೆ. ಏನೆಂದು ರಜೆಗೆ ಬಂದಾಗ ಸಾವಕಾಶವಾಗಿ ಹೇಳಿದ್ದಳು. ಮೊಬೈಲಿನ ಒಳಗಿರುವಂಥ ಅರೆವಾಹಕಗಳಲ್ಲಿ ಕೆಲವು ಪದರು ಪದರಾಗಿ ಇರುತ್ತವಂತೆ. ಒಂದೊಂದು ಪದರಿನಲ್ಲೂ ಪರಮಾಣುಗಳು ಸಾಲು ಹಿಡಿದು ಕೂತಿರುತ್ತವೆ. ಆದರೆ ಸುಮ್ಮನೆ ಕೂರುವುದಿಲ್ಲ, ಕೂತಲ್ಲೇ ಅಲುಗಾಡುತ್ತವೆ. ಕಾವು ಏರಿದಷ್ಟೂ ಅಲುಗಾಟ ಹೆಚ್ಚು. ಅವುಗಳ ನಡುವೆ ಎಲೆಕ್ಟ್ರಾನು ಹಾದುಹೋಗಬೇಕು. ಪದರಿನ ಉದ್ದಕ್ಕೆ ಓಡುವುದು ಸಲೀಸು, ಒಂದು ಪದರಿನಿಂದ ಇನ್ನೊಂದಕ್ಕೆ ದಾಟುವುದು ಕಷ್ಟ. ಸಲೀಸಾದ ದಾರಿಯಲ್ಲೂ ಆ ಅಲುಗಾಟಕ್ಕೆ ಸಿಕ್ಕಿ ದಿಕ್ಕು ತಪ್ಪುತ್ತದೆ.

"ನಿಲ್ಲೂದಿಲ್ಲ ಅಜ್ಜಿ, ಚದುರತೈತಿ," ಅಂದಳು. "ಯಾವ ಅಲುಗಾಟಕ್ಕ ಎಷ್ಟು ಚದುರತೈತಿ ಅಂತ ಲೆಕ್ಕ ಹಾಕಾಕತ್ತೀನಿ. ಈ ಅಲುಗಾಟಕ್ಕ ಕಂಪನ ಅಂತಾರ."

"ಇದೆಲ್ಲಾ ನಿನ್ನ ಕಣ್ಣಿಗೆ ಕಾಣತೈತೇನು?"

"ಇಲ್ಲ."

ಕಾಣದ್ದು ಕಾಣದ್ದಕ್ಕೆ ತಾಗಿ ದಾರಿ ತಪ್ಪುತ್ತದೆ, ಮನೆ ಬಿಸಿಯಾಗುತ್ತದೆ. ಕೂಡು ಕುಟುಂಬಕ್ಕೆ ಸೊಸೆಯಾಗಿ ಬಂದವಳಿಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ.

ಮುಂದೊಂದು ದಿನ ಎದುರು ಮನೆಯ ಶಾಂತವ್ವ ಕೇಳಿದಳು, "ಸುಮಾ ಎದರಾಗ ಅದಾಳ್ರಿ ದೊಡ್ಡವ್ವ?" ನಾನು "ಕಂಪನ" ಅಂದೆ. ನಮ್ಮ ಕಡೆ ಮನೆ ಮನಿಯಾಗುತ್ತದೆ, ಬೆಲೆ ಬೆಲಿಯಾಗುತ್ತದೆ. ಮಾತಿನ ಬಾಲಕ್ಕೆ ಒಂದು ಇಕಾರ ಕಟ್ಟಿಕೊಳ್ಳುವುದು ಇಲ್ಲಿ ಎಲ್ಲರ ಹಕ್ಕು. ಮೇಲಾಗಿ ನನ್ನ ದನಿ ಕೊನೆಯ ಅಕ್ಷರದ ತನಕ ಬರುವುದೂ ಇಲ್ಲ. ಆಕೆಗೆ ಕಂಪನಿ ಅಂತ ಕೇಳಿಸಿತು.

"ದೊಡ್ಡದೇನ್ರಿ?"

"ಬಾಳ ಸಣ್ಣದು. ಕಣ್ಣಿಗೇ ಕಾಣೂದಿಲ್ಲ."

ದೊಡ್ಡವ್ವನಿಗೆ ಸೊಕ್ಕಿಲ್ಲ ಅಂತ ಓಣಿಯಲ್ಲಿ ಹೆಸರಾಯಿತು. ಕಂಪನಿಯೂ ಹೆಸರಾಯಿತು. ನನಗೆ ಗೊತ್ತಾದಾಗ ತಿದ್ದಬೇಕೆಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಬೇಸಿಗೆಯಲ್ಲಿ ಹಿಂದಿನ ಮನೆಯ ಬಸುರಿ ಸೊಸೆಯ ಕುಬಸ ಬಂತು. ಆರತಿ ಎತ್ತುವ ಮುತ್ತೈದೆಯರ ನಡುವೆ ನನಗೆ ಕೆಲಸವಿಲ್ಲ, ಅದಕ್ಕೆ ಅಡುಗೆ ಮನೆ ಸೇರಿದ್ದೆ. ಅಲ್ಲಿ ಹೋಳಿಗೆ ತಟ್ಟುತ್ತಿದ್ದವರು ಒಂದು ಸುದ್ದಿ ಹೇಳಿದರು. ಶಾಂತವ್ವನ ಮಗಳು ರೇಣುಕಾಗೆ ಶಹಾಪುರದ ಔಷಧ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ನಾಳೆಯೇ ಬರಬೇಕು, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಶಾಂತವ್ವ ಮಾತ್ರ "ಸುಮಾನ ಕಂಪನ್ಯಾಗ ಕೆಲಸಕ್ಕ ಹಚ್ಚೂದೈತಿ, ಈ ಅಂಗಡಿ ಯಾರಿಗೆ ಬೇಕು" ಅನ್ನುತ್ತಿದ್ದಾಳೆ. ಉಂಡು ಕೈ ತೊಳೆದ ಕೂಡಲೆ ಅಂಗಡಿಗೆ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳುವವಳಿದ್ದಾಳೆ.

ರೇಣುಕಾ ಬಿಕಾಂ ಮುಗಿಸಿ ಮನೆಯಲ್ಲಿ ಕೂತ ಹುಡುಗಿ. ನನ್ನ ದನಿಯ ಕಾರಣಕ್ಕೆ ಆ ಹುಡುಗಿಯ ಕೆಲಸ ಹೋಗಬಾರದು. ತುಪ್ಪದ ಗಿಂಡಿ ಕೈಗೆತ್ತಿಕೊಂಡೆ.

ಪಡಸಾಲೆಯಲ್ಲಿ ಸಾಲು ಸಾಲಾಗಿ ಪಂಕ್ತಿ ಕೂತಿತ್ತು. ಶಾಂತವ್ವ ನನ್ನ ಸಾಲಿನ ಆ ತುದಿಯಲ್ಲಿ, ಗೋಡೆಯ ಹತ್ತಿರ. ಬೇರೆ ಯಾರಾದರೂ ಆಗಿದ್ದರೆ ನಿಂತಲ್ಲಿಂದಲೇ ಕೂಗುತ್ತಿದ್ದರು. ನಾನು ನಡೆಯತೊಡಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತದ್ದೇ ತಡ, ಇಡೀ ಪಂಕ್ತಿ ಅಲುಗಾಡತೊಡಗಿತು. ಒಬ್ಬರು ಟವೆಲ್ ಬೀಸಿದರು, ಇನ್ನೊಬ್ಬರು ಸೆರಗು ಬೀಸಿದರು, ಮತ್ತೊಬ್ಬರು ಮೊಣಕಾಲು ಆಚೆ ಚಾಚಿದರು. ಟವೆಲ್ ತಪ್ಪಿಸಲು ಎಡಕ್ಕೆ ಸರಿದರೆ ಒಬ್ಬ ಮುದುಕಿ ಸೀರೆ ಹಿಡಿದು "ನನ್ನ ಬಿಟ್ಟು ಎಲ್ಲಿಗೆ ಹೊಂಟಿ, ಹೋಳಿಗಿ ಮ್ಯಾಲ ಹಾಕು" ಅಂದಳು. ಬಲಕ್ಕೆ ಸರಿದರೆ "ತುಪ್ಪ ಅಂದ್ರ ಹನಿಯಲ್ರಿ, ಧಾರಿ" ಅಂತ ಒಬ್ಬರ ತಕರಾರು. ಪಕ್ಕದ ಸಾಲಿನ ದಾರಿ ಖಾಲಿಯಿತ್ತು. ಆದರೆ ಎಲೆ ದಾಟಿ ಹೋಗುವ ಹಾಗಿಲ್ಲ. ತಿರುಗಿ ತಿರುಗಿ ಕೊನೆಗೆ ನಾನು ಬಂದು ತಲುಪಿದ್ದು ಹೊರಟ ಅಡುಗೆ ಮನೆಯ ಬಾಗಿಲಿಗೆ. ಒಂದು ಕ್ಷಣವೂ ನಿಂತಿರಲಿಲ್ಲ. ಸುಮಾ ಹೇಳಿದ್ದು ಆಗ ಪೂರ್ತಿ ತಿಳಿಯಿತು. ಅವಳು ಲೆಕ್ಕ ಹಾಕುತ್ತಿರುವುದು ನನ್ನನ್ನೇ.

ಗಿಂಡಿ ತುಂಬಿಸಿಕೊಂಡು ಮತ್ತೆ ಹೊರಬಂದಾಗ ಕರೆಂಟು ಬಂತು. ಗಾಳಿ ಆಡಿತು, ಜನ ತಣ್ಣಗಾದರು, ಮೊಣಕಾಲುಗಳು ಒಳಗೆ ಹೋದವು. ನಾನು ನೆಟ್ಟಗೆ ತುದಿ ಮುಟ್ಟಿದೆ. ಶಾಂತವ್ವ ಎಲೆ ಮಡಚುತ್ತಿದ್ದಳು.

"ಶಾಂತವ್ವ, ಅದು ಕಂಪನಿ ಅಲ್ಲ. ಕಂಪನ."

"ಅಂದ್ರ?"

"ನಡುಕ."

"ಅಯ್ಯ, ಸುಮಾಗ ನಡುಕ ಬಂದೈತೇನ್ರಿ?"

"ಇಲ್ಲವ್ವ, ಅದರ ಮ್ಯಾಲ ಓದಾಕತ್ಯಾಳ. ಕಂಪನಿ ಗಿಂಪನಿ ಏನಿಲ್ಲ. ರೇಣುಕಾನ್ನ ನಾಳಿ ಶಹಾಪುರಕ್ಕ ಕಳಿಸು."

ಶಾಂತವ್ವ ಮಡಚಿದ ಎಲೆಯ ಮೇಲೆ ಲೋಟ ಇಟ್ಟಳು. ಆಮೇಲೆ ಕೇಳಿದಳು, "ನಡುಕದ ಮ್ಯಾಲ ಓದಿದ್ರ ಪಗಾರ ಕೊಡ್ತಾರೇನ್ರಿ?"

"ಪಗಾರದಂಗ ತಿಂಗಳಾ ಏನೋ ಕೊಡ್ತಾರ."

ನನ್ನ ಕೈಯಲ್ಲಿ ಚಮಚ ಗಿಂಡಿಗೆ ಬಡಿದು ಟಣಟಣ ಅನ್ನುತ್ತಿತ್ತು. ಆಕೆ ಅದನ್ನು ನೋಡಿದಳು. "ಹಂಗಾದ್ರ ನಿಮ್ಮನ್ನ ಯಾಕ ಇನ್ನಾ ಕರದಿಲ್ಲ ದೊಡ್ಡವ್ವ?"

ಪಂಕ್ತಿ ಪೂರ್ತಿ ನಕ್ಕಿತು. ಫ್ಯಾನು ತಿರುಗುತ್ತಿದ್ದರೂ ಅಲುಗಾಡಿತು.

ರೇಣುಕಾ ಈಗ ದಿನಾ ಮುಂಜಾನೆ ಶಹಾಪುರದ ಬಸ್ಸು ಹಿಡಿಯುತ್ತಾಳೆ. ನನ್ನ ಬಿಪಿ ಗುಳಿಗೆ ಅವಳೇ ತಂದುಕೊಡುತ್ತಾಳೆ. ಓಣಿಯಲ್ಲಿ ಕಂಪನಿಯ ಮಾತು ನಿಂತಿದೆ. ಸುಮಾ ನಡುಕದ ಮೇಲೆ ಓದುತ್ತಾಳೆ ಅಂತ ಎಲ್ಲರಿಗೂ ಗೊತ್ತಾಗಿದೆ.

ಮೊನ್ನೆ ಮೇಲಿನ ಓಣಿಯ ಶರಣಪ್ಪ ಮುತ್ಯಾ ಬಂದಿದ್ದರು. ವಯಸ್ಸಿಗೆ ಅವರ ಕೈ ನಡುಗುತ್ತದೆ. "ನಿಮ್ಮ ಡಾಕ್ಟರ್ ಮೊಮ್ಮಗಳು ಯಾವಾಗ ಬರ್ತಾಳ್ರಿ?" ಅಂದರು. ಇದನ್ನಾದರೂ ಕೂಡಲೆ ತಿದ್ದಬೇಕೆಂದು ಮೊದಲು ಚಹಾ ತಂದೆ. ಅವರ ಕೈ ಸೇರುವ ಮೊದಲೇ ಬಸಿಯ ಮೇಲೆ ಕಪ್ಪು ಗಡಗಡ ಅನ್ನುತ್ತಿತ್ತು. ಮುತ್ಯಾ ನನ್ನ ಕೈಯನ್ನು ಬಹಳ ಹೊತ್ತು ನೋಡಿದರು.

"ಮೊದಲ ನೀವ ತೋರಿಸ್ಕೋರಿ," ಅಂದರು. "ನಂದು ಆಮ್ಯಾಲ."