ನಮ್ಮ ಅತ್ತೆಯವರು ಒಬ್ಬರೇ ಎಂಬುದರ ಕುರಿತು

ಬಡಾವಣೆ ವಿಸ್ತರಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಸಕುಟುಂಬ ಸಪರಿವಾರ ಕೈಕಾಲು ಚಾಚಿಕೊಂಡು ಕ್ಷೇಮವಾಗಿರುವಿರೆಂದು ನಂಬಿ, ಊರಂಚಿನ ಬಡಾವಣೆಯ ಎರಡನೆಯ ಮಹಡಿಯಲ್ಲಿ ಕೈಕಾಲು ಮಡಚಿಕೊಂಡು ಬಾಳುತ್ತಿರುವ ದರ್ಜಿಯಾದ ನಾನು ಮಾಡಿಕೊಳ್ಳುವ ಬಿನ್ನಹ.

ನಮ್ಮ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ನಡುವೆ ತಾವು ಧಾರಾಳ ಮನಸ್ಸಿನಿಂದ ಒಂದು ಗೇಣು ಜಾಗ ಬಿಡಿಸಿದ್ದೀರಿ. ಇದರಿಂದ ನೆರೆಹೊರೆಯ ಬಾಂಧವ್ಯ ಎಷ್ಟು ಬೆಳೆದಿದೆಯೆಂದರೆ, ಪಕ್ಕದ ಮನೆಯ ಬಸ್ ಡ್ರೈವರು ಸೀನಿದರೆ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಮಗುಚುತ್ತದೆ. ನಮ್ಮೊಂದಿಗೇ ಇರುವ ನನ್ನ ಹೆಂಡತಿಯ ತಾಯಿಯವರಂತೂ ಬೆಳಿಗ್ಗೆ ನನಗೆ ಬುದ್ಧಿ ಹೇಳಿ ಮುಗಿಸಿ, ಉಳಿದದ್ದನ್ನು ಕಿಟಕಿಯಿಂದಲೇ ಡ್ರೈವರಿಗೆ ಹೇಳುತ್ತಾರೆ.

ಹೀಗಿರಲು, ತಾವು ಕಳಿಸಿದ ತಲೆ ಎಣಿಸುವ ಮಾಸ್ತರರು ದಯಮಾಡಿಸಿದರು. ಕುರ್ಚಿ ಹಾಕಲು ಜಾಗವಿಲ್ಲದೆ ನನ್ನ ಹೊಲಿಗೆ ಯಂತ್ರದ ಮೇಲೇ ಕೂತು, ಕಣ್ಣಿಗೆ ಬಿದ್ದವರನ್ನೆಲ್ಲ ಬರೆದುಕೊಂಡರು. ಕಿಟಕಿಯಾಚೆ ಊಟಕ್ಕೆ ಕೂತಿದ್ದ ಡ್ರೈವರಿನ ಸಂಸಾರವನ್ನೂ ಬಿಡಲಿಲ್ಲ. ಅದು ಬೇರೆ ಮನೆಯೆಂದು ನಾನು ವಿನಂತಿಸಿದರೆ, ಇಷ್ಟು ಹತ್ತಿರವಿದ್ದೂ ಬೇರೆ ಎನ್ನುವುದು ಸಣ್ಣತನವೆಂದರು. ಆಮೇಲೆ ಆ ಮನೆಗೆ ಹೋಗಿ, ಅಲ್ಲಿಂದ ನಮ್ಮನ್ನು ಎಣಿಸಿದರು. ಅತ್ತೆಯವರು ತಡೆಯಲಾರದೆ ಕಿಟಕಿಯಿಂದ ತಲೆ ಹಾಕಿ, "ಆಗ್ಲೇ ಬರ್ಕೊಂಡ್ರಲ್ಲಪ್ಪ, ಮತ್ಯಾಕೆ? ನಾನು ಇರೋದು ಒಬ್ಬಳೇ. ಬೇಕಾದ್ರೆ ಅಳಿಯನ್ನ ಕೇಳಿ, ಅವನಿಗೆ ಒಬ್ಬಳೇ ಜಾಸ್ತಿ" ಎಂದರು. ಹೊಸ ತಲೆಯೊಂದು ಮಾತಾಡಿತೆಂದು ಮಾಸ್ತರರು ಇನ್ನೊಂದು ಗೀಟು ಎಳೆದರು. ಅಲ್ಲಿಗೆ ಅತ್ತೆಯವರು ಮೂವರಾದರು.

ಬೀದಿ ಬೀದಿಯಲ್ಲೂ ಹೀಗೇ ಆಗಿ, ಬಡಾವಣೆಯ ಜನಸಂಖ್ಯೆ ದುಪ್ಪಟ್ಟಾಯಿತೆಂದು ತಾವು ನಿದ್ದೆಗೆಟ್ಟಿರಿ. ಇಷ್ಟು ಜನಕ್ಕೆ ಸೂರು ಬೇಕಲ್ಲವೆಂದು, ಮಕ್ಕಳು ಚೆಂಡಾಡಲು ಉಳಿದಿದ್ದ ಒಂದೇ ಬಯಲಿನಲ್ಲಿ ಮತ್ತೊಂದು ಕಟ್ಟಡಕ್ಕೆ ಅಪ್ಪಣೆ ಕೊಟ್ಟಿರಿ. ಇದ್ದವರಿಗೆ ಮನೆ ಯಾರು ಬೇಕಾದರೂ ಕಟ್ಟಿಯಾರು, ಇಲ್ಲದವರಿಗೆ ಕಟ್ಟಿಸುವ ದೊಡ್ಡ ಮನಸ್ಸು ತಮ್ಮದು.

ಆದರೆ ಪಾಯ ತೋಡಲು ಬಂದ ದಿನವೇ ಅತ್ತೆಯವರು ಬಯಲಿನ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಡ್ರೈವರಿನ ಹೆಂಡತಿ ಹೊತ್ತುಹೊತ್ತಿಗೆ ಊಟ ತಂದುಕೊಡುತ್ತಾರೆ. ಮಕ್ಕಳು ಸುತ್ತ ಚೆಂಡಾಡುತ್ತಾರೆ. ಗುತ್ತಿಗೆದಾರರು ಕೈಮುಗಿದು ಏಳಿರೆಂದಾಗ, "ಸರ್ಕಾರದ ಲೆಕ್ಕದಲ್ಲಿ ನಾನು ಮೂವರು. ಮಿಕ್ಕ ಇಬ್ಬರನ್ನ ಮೊದ್ಲು ಎಬ್ಬಿಸಿ, ಆಮೇಲೆ ನನ್ನ ಹತ್ರ ಬನ್ನಿ" ಎಂದರು. ಗುತ್ತಿಗೆದಾರರು ಅತ್ತಿತ್ತ ನೋಡಿ, ಗುದ್ದಲಿ ಹಾರೆಗಳನ್ನು ಲಾರಿಗೆ ತುಂಬಿಸಿಕೊಂಡು ಹೊರಟುಹೋದರು. ಹೋದವರು ಇನ್ನೂ ಬಂದಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಒಂದೋ ಆ ಅಪ್ಪಣೆಯನ್ನು ಹಿಂತೆಗೆದುಕೊಳ್ಳಬೇಕು, ಇಲ್ಲವೇ ಉಳಿದಿಬ್ಬರು ಅತ್ತೆಯವರನ್ನು ಹುಡುಕಿಸಿ ತಮ್ಮ ಕಚೇರಿಯಲ್ಲೇ ಇರಿಸಿಕೊಳ್ಳಬೇಕು. ಯಾವ ಕಾರಣಕ್ಕೂ ಅವರನ್ನು ನನ್ನ ಮನೆಗೆ ಕಳಿಸಿಕೊಡಬಾರದಾಗಿ ಸಾಷ್ಟಾಂಗ ಬೇಡಿಕೆ. ನೆಲದಲ್ಲಿ ಜಾಗವಿಲ್ಲವಾಗಿ ಸಾಷ್ಟಾಂಗವನ್ನು ನಿಂತೇ ಮಾಡಿದ್ದೇನೆ, ಮನ್ನಿಸಬೇಕು.

ಒಬ್ಬರೇ ಅತ್ತೆಗೆ ಒಬ್ಬನೇ ಅಳಿಯನಾದ,
ತಮ್ಮ ವಿಶ್ವಾಸಿ,
ಎರಡನೆಯ ಮಹಡಿಯ ದರ್ಜಿ

ತಾ.ಕ.: ತಾವಿರುವ ಬಂಗಲೆಯ ವಿಳಾಸವನ್ನು ಅತ್ತೆಯವರು ನಿನ್ನೆ ಕೇಳಿದರು. ಹೆಣ್ಣು ಕೊಟ್ಟವರಿಗೆ ಇಲ್ಲವೆನ್ನಲಾದೀತೇ? ಕೊಟ್ಟಿದ್ದೇನೆ. ಎಷ್ಟು ಜನ ಬರುತ್ತಾರೆಂದು ಮಾತ್ರ ನನ್ನನ್ನು ಕೇಳಬೇಡಿ.